ಇಳಿಯುವ ದಾರಿ ನೋಡಿ ಕೋಟೆ ಆರಿಸಿ

ಸಿಂಹಗಡದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,312 ಮೀಟರ್. ತೋರಣಾ 1,403. ಲೆಕ್ಕ ಹಾಕಿದರೆ ನಡುವೆ ನೂರು ಮೀಟರೂ ಇಲ್ಲ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ‘ಸಿಂಹಗಡ ಹತ್ತಿದ್ದಾಯ್ತು, ಇನ್ನು ತೋರಣಾ ಏನು ಮಹಾ’ ಎಂದು ಹೊರಡುವವರು ಪುಣೆಯಲ್ಲಿ ಪ್ರತಿ ಶನಿವಾರ ಸಿಗುತ್ತಾರೆ. ಭಾನುವಾರ ಮಧ್ಯಾಹ್ನ ಅವರನ್ನೇ ತೋರಣಾದ ಬುಡದ ವೇಲ್ಹೆಯ ಇಳಿಜಾರಿನಲ್ಲಿ ನೋಡಬೇಕು. ಒಂದು ಕೈಯಲ್ಲಿ ಖಾಲಿ ಬಾಟಲಿ, ಇನ್ನೊಂದು ಕೈ ಮೊಣಕಾಲ ಮೇಲೆ, ಸಡಿಲ ಹರಳಿನ ಮೇಲೆ ಕೂತುಕೊಂಡೇ ಗೇಣು ಗೇಣಾಗಿ ಕೆಳಗೆ ಸರಿಯುತ್ತಿರುತ್ತಾರೆ.

ಪುಣೆಯ ಕನ್ನಡಿಗರ ಮನೆಗಳಲ್ಲಿ ಈ ಆಯ್ಕೆಯ ಗೋಳು ರಜೆಯ ಜೊತೆಗೇ ಬರುತ್ತದೆ. ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ನೆಂಟರು ಬಂದಿಳಿಯುತ್ತಾರೆ. ದಗಡೂಶೇಠ್ ಗಣಪತಿಯ ದರ್ಶನ, ಶನಿವಾರವಾಡಾ, ಫರ್ಗ್ಯುಸನ್ ರಸ್ತೆಯಲ್ಲಿ ‘ವೈಶಾಲಿ’ಯ ದೋಸೆ, ಇಷ್ಟಾಗುವ ಹೊತ್ತಿಗೆ ಎರಡು ದಿನ ಕಳೆದಿರುತ್ತದೆ. ಮೂರನೆಯ ದಿನ ಯಾರಾದರೂ ಮೊಬೈಲ್ ಹಿಡಿದುಕೊಂಡು ಬಂದು ‘ಇಲ್ಲಿಗೆ ಹೋಗೋಣ’ ಅನ್ನುತ್ತಾರೆ. ಧಾರವಾಡದಿಂದ ಬಂದ ನನ್ನ ಅಣ್ಣನ ಮಗನದೂ ಅದೇ ರಾಗ: “ಕಾಕಾ, ಸಿಂಹಗಡಕ್ಕ ಕಾರ್ ಹೋಗ್ತದಂತ. ಅದೇನ್ ಟ್ರೆಕ್ಕ್ರೀ? ತೋರಣಾಕ್ಕ ಹೋಗೂಣ ನಡೀರಿ.” ನಾನು ಕೇಳಿದ್ದು ಒಂದೇ: “ಹತ್ತೂದು ನೀ ಹತ್ತತೀ. ಇಳಿಯೂದು ಯಾರು?”

ತಮಾಷೆಗೆ ಕೇಳಿದ್ದಲ್ಲ. ಒಂದು ದಿನದಲ್ಲಿ ಹೋಗಿ ಬರುವ ಚಾರಣಕ್ಕೆ ಕೋಟೆ ಆರಿಸುವಾಗ ಜನ ನೋಡುವುದು ತುದಿಯನ್ನು. ನೋಡಬೇಕಾದ್ದು ಮರಳುವ ದಾರಿಯನ್ನು. ಯಾವ ತಿಂಗಳಲ್ಲಿ, ಯಾವ ನೆಲದ ಮೇಲೆ, ಎಷ್ಟು ಗಂಟೆಗೆ, ಯಾರ ಜೊತೆ ಇಳಿಯುತ್ತೀರಿ ಎನ್ನುವುದು ಮನೆಯಲ್ಲೇ ಗೊತ್ತಾದರೆ ಕೋಟೆಯ ಹೆಸರು ತಾನಾಗಿ ಹೊಳೆಯುತ್ತದೆ.

ಕರ್ನಾಟಕದಲ್ಲಿ ಈಗ ಈ ಯೋಚನೆಯ ಅರ್ಧ ಭಾಗವನ್ನು ಅರಣ್ಯ ಇಲಾಖೆಯೇ ನಮ್ಮ ಪರವಾಗಿ ಮಾಡಿಬಿಡುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಶಿಖರ ಹತ್ತಬೇಕೆಂದರೆ ಮೊದಲೇ ಆನ್‌ಲೈನ್‌ನಲ್ಲಿ ಹೆಸರು ಬರೆಸಬೇಕು, ದಿನಕ್ಕೆ ಇಂತಿಷ್ಟೇ ಮಂದಿ, ಇಷ್ಟು ಗಂಟೆಯೊಳಗೆ ಹಿಂತಿರುಗಬೇಕು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಸಾಲುಗಟ್ಟಿದ ಚಿತ್ರಗಳು ಹರಿದಾಡಿದ ಮೇಲೆ ಈ ಬಿಗಿ ಇನ್ನಷ್ಟು ಹೆಚ್ಚಿತು; ‘ಅರಣ್ಯ ವಿಹಾರ’ ಎಂಬ ಜಾಲತಾಣವೂ ಬಂತು. ಪುಣೆಯ ಸುತ್ತ ಹಾಗಿಲ್ಲ. ಇಲ್ಲಿ ರಾಷ್ಟ್ರೀಯ ಉದ್ಯಾನವೊಂದರ ಗೇಟು, ಗೇಟಿನಲ್ಲಿ ಚೀಟಿ ಹರಿಯುವವನು, ಚೀಟಿಯ ಹಿಂದೆ ನಕ್ಷೆ ಎಂಬ ವ್ಯವಸ್ಥೆಯೇ ಇಲ್ಲ. ಸಹ್ಯಾದ್ರಿಯ ಏಣು ಇದೆ, ಏಣಿನ ಮೇಲೆ ಕೋಟೆಗಳಿವೆ. ಬಹುತೇಕ ಕೋಟೆಗಳಿಗೆ ಬೆಳಗಿನ ಜಾವ ಎರಡಕ್ಕೆ ಹೋದರೂ ಯಾರೂ ತಡೆಯುವುದಿಲ್ಲ. ತಡೆಯುವವರಿಲ್ಲದ ಕಡೆ ತಡೆದುಕೊಳ್ಳುವ ಕೆಲಸ ನಮ್ಮದೇ.

2025ರ ಜುಲೈನಲ್ಲಿ ಯುನೆಸ್ಕೋ ಮರಾಠರ ಹನ್ನೆರಡು ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ರಾಜಗಡ, ಲೋಹಗಡ, ಶಿವನೇರಿ ಮೂರೂ ಪುಣೆ ಜಿಲ್ಲೆಯವು. ಗೌರವ ಬಂತು, ಜೊತೆಗೆ ಜನಜಾತ್ರೆಯೂ ಬಂತು. ಹೆಸರು ಕೇಳಿ ಬರುವವರಿಗೆ ಪಟ್ಟಿಯಲ್ಲಿರುವ ಮೂರೂ ಒಂದೇ ಬಗೆಯವು ಅನ್ನಿಸಬಹುದು. ಶಿವನೇರಿಯನ್ನು ಮೆಟ್ಟಿಲು ಹಿಡಿದು ಅಜ್ಜಿಯರೂ ಹತ್ತುತ್ತಾರೆ. ರಾಜಗಡ ಇಡೀ ಒಂದು ದಿನ ಕೇಳುತ್ತದೆ, ಅದರಾಚೆ ಮೈಕೈ ನೋವಿಗೆ ಇನ್ನೊಂದು ದಿನ.

ಎತ್ತರದ ಅಂಕಿ ಮೋಸ ಮಾಡುವುದು ಹೇಗೆಂದು ನೋಡಿ. ಅದು ಸಮುದ್ರದಿಂದ ಅಳೆದದ್ದು, ಆದರೆ ನಾವು ಹತ್ತುವುದು ಸಮುದ್ರದಿಂದಲ್ಲ. ಪುಣೆ ನಗರವೇ 560 ಮೀಟರ್ ಎತ್ತರದಲ್ಲಿದೆ. ಕೋಟೆಗಳ ಬುಡದ ಹಳ್ಳಿಗಳು ಇನ್ನೂ ತುಸು ಮೇಲಿವೆ. ಹಾಗಾಗಿ ಕೇಳಬೇಕಾದ್ದು ಬುಡದಿಂದ ತುದಿಗೆ ಎಷ್ಟು ಎಂದು. ಸಿಂಹಗಡಕ್ಕೆ ಅತಕರವಾಡಿಯಿಂದ ಸುಮಾರು 600 ಮೀಟರ್ ಏರು. ತೋರಣಾಕ್ಕೆ ವೇಲ್ಹೆಯಿಂದ 700ರ ಆಸುಪಾಸು. ಲೋಹಗಡಕ್ಕೆ ಮಳವಲಿ ರೈಲು ನಿಲ್ದಾಣದಿಂದ 400. ಈ ಲೆಕ್ಕದಲ್ಲೂ ಸಿಂಹಗಡ, ತೋರಣಾಗಳ ನಡುವೆ ದೊಡ್ಡ ಅಂತರ ಕಾಣುವುದಿಲ್ಲ, ನಿಜ. ಅಂತರ ಇರುವುದು ದಾರಿಯ ಉದ್ದದಲ್ಲಿ, ದಾರಿಯ ಗುಣದಲ್ಲಿ, ಜೊತೆಗೆ ನಡುದಾರಿಯಲ್ಲಿ ಏನು ಸಿಗುತ್ತದೆ ಎನ್ನುವುದರಲ್ಲಿ. ಸಿಂಹಗಡದ ಕಾಲುದಾರಿಯಲ್ಲಿ ಅಲ್ಲಲ್ಲಿ ಲಿಂಬೆ ಶರಬತ್ತು, ಮಜ್ಜಿಗೆ, ಉಪ್ಪು ಖಾರ ಹಚ್ಚಿದ ಸೌತೆಕಾಯಿ ಇಟ್ಟುಕೊಂಡು ಹಳ್ಳಿಯ ಹೆಂಗಸರು ಕೂತಿರುತ್ತಾರೆ. ಮೇಲೆ ಹೋದರೆ ಪಿಠಲ ಭಾಕರಿ, ಈರುಳ್ಳಿ ಭಜಿ, ಪುಟ್ಟ ಮಣ್ಣಿನ ಗಡಿಗೆಯಲ್ಲಿ ಕತ್ತರಿಸುವಂಥ ಗಟ್ಟಿ ಮೊಸರು. ಇಳಿಯಲಾಗದಿದ್ದರೆ ಮೇಲಿಂದ ಹಂಚಿಕೆಯ ಜೀಪು. ತೋರಣಾದಲ್ಲಿ ಸುಸ್ತಾದವನಿಗೆ ಜೀಪಿಲ್ಲ. ಒಂದೇ ಎತ್ತರದ ಎರಡು ಕೋಟೆಗಳ ನಡುವೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಬೇಕೆ?

ವೇಳೆಯ ಅಂದಾಜಿಗೆ ಹಳೆಯ ಸೂತ್ರವೊಂದಿದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಹಾಕಿಕೊಟ್ಟದ್ದು: ಐದು ಕಿಲೋಮೀಟರಿಗೆ ಒಂದು ತಾಸು, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ಸಿಂಹಗಡಕ್ಕೆ ಈ ಲೆಕ್ಕ ಚೆನ್ನಾಗಿ ಕೂಡುತ್ತದೆ. ದಾರಿ ಮೂರು ಕಿಲೋಮೀಟರಿನೊಳಗೆ, ಏರು 600, ಒಂದೂವರೆ ತಾಸು. ದಿನಾ ವ್ಯಾಯಾಮಕ್ಕೆಂದು ಹತ್ತುವ ಪುಣೇಕರರು ಇದಕ್ಕಿಂತ ಬೇಗ ಮುಗಿಸುತ್ತಾರೆ, ಆ ಮಾತು ಬೇರೆ. ಆದರೆ ನೈಸ್ಮಿತ್‌ನ ಸೂತ್ರದಲ್ಲಿ ಇಳಿಜಾರಿಗೆ ಪ್ರತ್ಯೇಕ ಲೆಕ್ಕವೇ ಇಲ್ಲ. ಸಹ್ಯಾದ್ರಿಯಲ್ಲಿ ಅದು ಸಾಲುವುದಿಲ್ಲ. ಇಲ್ಲಿಯ ಚಾರಣಿಗರು ‘ಘಸಾರಾ’ ಎನ್ನುವ ಸಡಿಲ ಹರಳು, ಮಣ್ಣಿನ ಜಾರು ಡಿಸೆಂಬರಿನಿಂದ ಮೇ ತನಕ ಎಲ್ಲ ಕಡಿದಾದ ದಾರಿಗಳನ್ನೂ ಆವರಿಸಿರುತ್ತದೆ. ಹತ್ತುವಾಗ ಕಾಲು ನೆಲಕ್ಕೆ ಒತ್ತಿಕೊಂಡಿರುತ್ತದೆ, ಇಳಿಯುವಾಗ ಅದೇ ಹರಳು ಪಾದದಡಿ ಉರುಳುತ್ತದೆ. ಹಾಗಾಗಿ ಏರಿದಷ್ಟೇ ಹೊತ್ತು ಇಳಿಯಲು ಎಂದಿಟ್ಟುಕೊಳ್ಳಿ. ಗುಂಪಿನಲ್ಲಿ ಹೊಸಬರಿದ್ದರೆ ಅದರ ಮೇಲೆ ಇನ್ನೂ ಅರ್ಧ.

ಹಳ್ಳಿಯವರನ್ನು ವೇಳೆ ಕೇಳುವುದು ಇನ್ನೊಂದು ದಾರಿ. ಕೇಳಿ, ಆದರೆ ನಂಬಬೇಡಿ. “ಮಾವಶಿ, ಅಜೂನ್ ಕಿತೀ?” ಅಂದರೆ ತಲೆಯ ಮೇಲೆ ನೀರಿನ ಕೊಡ ಹೊತ್ತು ಸರಸರ ಹೋಗುತ್ತಿರುವ ಹೆಂಗಸು ತಿರುಗಿಯೂ ನೋಡದೆ “ಹೇ ಕಾಯ್, ಆಲಂಚ್ ಕೀ” ಅನ್ನುತ್ತಾಳೆ. ಇದೋ ಬಂದೇಬಿಟ್ಟಿತು ಎಂದು. ಅವಳ ಪಾಲಿಗೆ ಅದು ಸತ್ಯವೇ. ಅವರ ಅರ್ಧ ತಾಸು ಪೇಟೆಯವರ ಕಾಲಿಗೆ ಒಂದೂಕಾಲು ತಾಸು. ಆದರೆ ದಾರಿಯ ಬಗ್ಗೆ, ನೀರಿನ ಬಗ್ಗೆ, ನಿನ್ನೆ ರಾತ್ರಿ ಹಳ್ಳ ಎಷ್ಟು ಏರಿತ್ತು ಎಂಬ ಬಗ್ಗೆ ಅವಳು ಹೇಳುವುದನ್ನು ಅಕ್ಷರಶಃ ಕೇಳಿ. ‘ಇವತ್ತು ಬೇಡ’ ಎಂದಳೋ, ಚಹಾ ಕುಡಿದು ವಾಪಸಾಗುವುದು ಮೇಲು.

ಈ ಗುಡ್ಡಗಳ ಹುಟ್ಟು ತಿಳಿದರೆ ಅರ್ಧ ಆಯ್ಕೆ ಸಲೀಸು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ಪದರ ಪದರವಾಗಿ ಗಟ್ಟಿಯಾದದ್ದೇ ದಖ್ಖನದ ಈ ಕರಿಕಲ್ಲು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ಕರಿಕಲ್ಲೂ ಇದೇ ವಂಶದ್ದು. ಗಟ್ಟಿ ಪದರ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ನಡುವಿನ ಮೆತ್ತನೆಯ ಪದರ ಸವೆದು ಅಗಲವಾದ ಜಗಲಿಯಾಗುತ್ತದೆ. ಕೆಳಗೆ ಇಳಿಜಾರು, ಅದರ ಮೇಲೊಂದು ಬಯಲು, ಅದರ ಮೇಲೆ ಕಡಿದಾದ ಕಲ್ಲಗೋಡೆ. ಪುಣೆಯ ಸುತ್ತಲಿನ ಗುಡ್ಡಗಳಲ್ಲಿ ಇದೇ ಪಾಠ ಮತ್ತೆ ಮತ್ತೆ ಬರುತ್ತದೆ. ಕೋಟೆ ಕಟ್ಟಿದವರಿಗೆ ಬೇಕಾಗಿದ್ದೂ ಅದೇ. ಬಯಲು ‘ಮಾಚಿ’ಯಾಯಿತು, ಮೇಲಿನ ಕಲ್ಲಗೋಡೆ ಖರ್ಚಿಲ್ಲದ ಕೋಟೆಗೋಡೆ. ಅದಕ್ಕೇ ಇಲ್ಲಿಯ ಚಾರಣಗಳಲ್ಲಿ ಅತಿ ಕಷ್ಟದ ತುಣುಕು ಯಾವಾಗಲೂ ಕೊನೆಗೆ, ಬಾಗಿಲಿಗೆ ಸ್ವಲ್ಪ ಮುಂಚೆ, ನೀವು ಪೂರ್ತಿ ದಣಿದ ಮೇಲೆ ಬರುತ್ತದೆ. ಶತ್ರು ದಣಿಯಲಿ ಎಂದೇ ಮಾಡಿದ್ದು. ಈಗ ದಣಿಯುವವರು ಹಿಂಜವಡಿಯ ಸಾಫ್ಟ್‌ವೇರ್ ಎಂಜಿನಿಯರುಗಳು.

ಕುದುರೆಮುಖದ ದುಂಡನೆಯ ಹುಲ್ಲುಗುಡ್ಡ, ಶೋಲಾ ಕಾಡು ನೋಡಿ ಬೆಳೆದ ಕಾಲಿಗೆ ಇದು ಬೇರೆಯೇ ಅಭ್ಯಾಸ. ಅಲ್ಲಿ ದೂರ ಹೆಚ್ಚು, ಇಂಬಳದ ಕಾಟ ಹೆಚ್ಚು, ಆದರೆ ದಾರಿ ಬಹುಮಟ್ಟಿಗೆ ನಡೆಯುವ ದಾರಿ. ಪುಣೆಯ ಕೋಟೆಗಳಲ್ಲಿ ದೂರ ಕಡಿಮೆ, ಕೈ ಬಳಸಬೇಕಾದ ಜಾಗ ಹೆಚ್ಚು.

ರಾಜಗಡದ ಬಾಲೇಕಿಲ್ಲಾ, ಅಂದರೆ ತುದಿಯ ಒಳಕೋಟೆ, ಇದಕ್ಕೆ ಒಳ್ಳೆಯ ಉದಾಹರಣೆ. ರಾಯಗಡಕ್ಕೆ ಹೋಗುವ ಮೊದಲು ಕಾಲು ಶತಮಾನದಷ್ಟು ಕಾಲ ಶಿವಾಜಿಯ ರಾಜಧಾನಿಯಾಗಿದ್ದ ಕೋಟೆ ರಾಜಗಡ. ಪದ್ಮಾವತಿ, ಸುವೇಳಾ, ಸಂಜೀವನಿ ಎಂದು ಮೂರು ಮಾಚಿಗಳು ಮೂರು ದಿಕ್ಕಿಗೆ ಚಾಚಿವೆ, ನಡುವೆ ಎದ್ದು ನಿಂತಿರುವುದು ಬಾಲೇಕಿಲ್ಲಾ. ಪದ್ಮಾವತಿ ಮಾಚಿಯವರೆಗೆ ಬಂದವರು ಮುಕ್ಕಾಲು ಗೆದ್ದೆವು ಅಂದುಕೊಳ್ಳುತ್ತಾರೆ. ಅಲ್ಲಿಂದ ದಾರಿ ಕಿರಿದಾಗಿ ಬಂಡೆಯ ಮೈಗೆ ಅಂಟಿಕೊಳ್ಳುತ್ತದೆ, ಆಮೇಲೆ ಬಂಡೆಯ ಮೇಲೇ ಏರುತ್ತದೆ. ಕಲ್ಲಿನಲ್ಲಿ ಕೊರೆದ ಮೆಟ್ಟಿಲುಗಳು ಕಾಲು ಉಜ್ಜಿ ಉಜ್ಜಿ ನುಣುಪಾಗಿವೆ. ಪಕ್ಕದಲ್ಲಿ ಕಬ್ಬಿಣದ ಕಂಬಿ, ಬಿಸಿಲಿಗೆ ಕೈ ಸುಡುವಷ್ಟು ಕಾದದ್ದು. ಹತ್ತುವವರಿಗೂ ಇಳಿಯುವವರಿಗೂ ಇದೊಂದೇ ದಾರಿ. ಭಾನುವಾರ ಹನ್ನೊಂದರ ಹೊತ್ತಿಗೆ ಕೆಳಗಿನವರ ತಲೆ, ಮೇಲಿನವರ ಬೂಟು ಒಂದೇ ಮಟ್ಟದಲ್ಲಿರುತ್ತವೆ. ಹತ್ತುವಾಗ ಮುಂದಿನ ಹಿಡಿತ ಕಣ್ಣೆದುರಿಗೇ ಇರುತ್ತದೆ. ಇಳಿಯುವಾಗ ಮುಖ ಬಂಡೆಗೆ ತಿರುಗಿಸಿ, ಕಾಣದ ಮೆಟ್ಟಿಲನ್ನು ಕಾಲಬೆರಳಿನಿಂದ ಹುಡುಕಬೇಕು. ಬೆನ್ನು ಬಂಡೆಗೆ ಕೊಟ್ಟು ಕಣಿವೆ ನೋಡುತ್ತ ಇಳಿಯಹೋದವನು ಎರಡನೆಯ ಮೆಟ್ಟಿಲಲ್ಲೇ ಬೆವರುತ್ತಾನೆ, ಅವನ ಹಿಂದೆ ಐವತ್ತು ಜನರ ಸಾಲು ನಿಲ್ಲುತ್ತದೆ.

ಆದ್ದರಿಂದ ರಾಜಗಡ ಬೇಡ ಎಂದಲ್ಲ. ಗುಂಜವಣೆ ಹಳ್ಳಿಯಿಂದ ಚೋರ ದರವಾಜಾದ ಕಡಿದಾದ ದಾರಿಯಲ್ಲಿ ಹತ್ತುವ ಬದಲು ಪಾಲಿ ಹಳ್ಳಿಯಿಂದ ಪಾಲಿ ದರವಾಜಾಕ್ಕೆ ಬನ್ನಿ. ಅದು ಅಗಲ ಮೆಟ್ಟಿಲುಗಳ ರಾಜಮಾರ್ಗ, ಇಳಿಯಲೂ ಸುಖ. ಬಾಲೇಕಿಲ್ಲಾ ಬಿಟ್ಟು ಸುವೇಳಾ ಮಾಚಿಯ ಕಡೆ ಬಂಡೆಯಲ್ಲಿ ತೂತು ಬಿದ್ದಿರುವ ‘ನೇಢೆ’ಯ ತನಕ ನಡೆದು ಬಂದರೂ ರಾಜಗಡ ನೋಡಿದಂತೆಯೇ. ತುದಿ ಮುಟ್ಟಲೇಬೇಕೆಂಬ ಹಟ ಇಲ್ಲದವರಿಗೆ ಈ ಕೋಟೆ ಹೆಚ್ಚು ಕೊಡುತ್ತದೆ.

ತೋರಣಾದ ಕಥೆಗೆ ನಮ್ಮ ಕಡೆಯ ನಂಟೂ ಉಂಟು. ವಿಜಯಪುರದ ಆದಿಲ್‌ಶಾಹಿಯ ಕೈಯಲ್ಲಿದ್ದ ಈ ಕೋಟೆಯನ್ನು ಹದಿಹರೆಯದ ಶಿವಾಜಿ 1646ರ ಸುಮಾರಿಗೆ ವಶಪಡಿಸಿಕೊಂಡಾಗ ತಂದೆ ಶಹಾಜಿ ಅದೇ ಆದಿಲ್‌ಶಾಹಿಯ ಸರದಾರರಾಗಿ ಬೆಂಗಳೂರಿನ ಜಹಗೀರಿ ನೋಡಿಕೊಳ್ಳುತ್ತಿದ್ದರು. ಮುಂದೆ 1664ರಲ್ಲಿ ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ ತೀರಿಕೊಂಡರು, ಸಮಾಧಿಯೂ ಅಲ್ಲಿಯೇ ಇದೆ. ಮಗ ಹಿಡಿದ ಮೊದಲ ಕೋಟೆ ಎಂಬ ಹೆಸರೇ ತೋರಣಾಕ್ಕೆ ಇಷ್ಟು ಜನರನ್ನು ಕರೆತರುತ್ತದೆ. ಜಿಲ್ಲೆಯ ಅತಿ ಎತ್ತರದ ಕೋಟೆ, ಇನ್ನೊಂದು ಹೆಸರು ಪ್ರಚಂಡಗಡ. ಹೆಸರಿಗೆ ತಕ್ಕಂತೆ ವಿಸ್ತಾರ. ಝುಂಜಾರ ಮಾಚಿ, ಬುಧಲಾ ಮಾಚಿ ಎರಡನ್ನೂ ನೋಡುತ್ತೇನೆಂದರೆ ಕತ್ತಲಾಗುತ್ತದೆ. ಡಿಸೆಂಬರಿನಲ್ಲಿ ಪುಣೆಯಲ್ಲಿ ಸೂರ್ಯ ಏಳಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆ, ಬೆಳಕು ಹನ್ನೊಂದೇ ತಾಸು. ಜೂನ್‌ನಲ್ಲಿ ಹದಿಮೂರು ದಾಟುತ್ತದೆ, ಆದರೆ ಆಗ ಮೋಡ.

ಮೋಡದ ವಿಚಾರಕ್ಕೆ ಬರೋಣ. ತಿಂಗಳು ತಪ್ಪಿದರೆ ಉಳಿದ ಲೆಕ್ಕವೆಲ್ಲ ತಲೆಕೆಳಗು. ಪುಣೆ ನಗರಕ್ಕೆ ವರ್ಷಕ್ಕೆ ಬೀಳುವ ಮಳೆ 700ರಿಂದ 750 ಮಿಲಿಮೀಟರ್. ರೈಲಿನಲ್ಲಿ ಒಂದೂವರೆ ತಾಸು ದೂರದ ಲೋಣಾವಳಾದಲ್ಲಿ ಅದು 4,000 ದಾಟುತ್ತದೆ. ತಾಮ್ಹಿಣಿ ಘಾಟ್ ಅದಕ್ಕೂ ಮೇಲೆ. ಧಾರವಾಡದ ಮಳೆ ನೋಡಿ ಕ್ಯಾಸಲ್‌ರಾಕ್‌ಗೆ ಛತ್ರಿ ಹಿಡಿಯದೆ ಹೋದವನ ಪಾಡು ಇಲ್ಲೂ ಕಾದಿದೆ. ಕೋಥ್ರೂಡ್‌ನ ಬಾಲ್ಕನಿಯಲ್ಲಿ ನಿಂತು ‘ಜಿಟಿಜಿಟಿ ಅಷ್ಟೇ’ ಎಂದರೆ ಮುಳಶಿಯಲ್ಲಿ ಅದೇ ಹೊತ್ತಿಗೆ ಎದುರಿನ ಮನುಷ್ಯ ಕಾಣದ ಹಾಗೆ ಸುರಿಯುತ್ತಿರಬಹುದು. ಹವಾಮಾನ ಇಲಾಖೆ ಮಳೆಗಾಲದಲ್ಲಿ ಪುಣೆಗೂ ಪುಣೆಯ ಘಾಟ್ ಪ್ರದೇಶಕ್ಕೂ ಬೇರೆ ಬೇರೆ ಮುನ್ನೆಚ್ಚರಿಕೆ ಕೊಡುವುದು ಇದಕ್ಕೇ. ಓದಬೇಕಾದ್ದು ಘಾಟ್‌ನ ಸಾಲು. ಕಿತ್ತಳೆಯೋ ಕೆಂಪೋ ಬಣ್ಣ ಕಂಡರೆ ಅವತ್ತಿನ ಕೋಟೆ ಮನೆಯ ಸೋಫಾ.

ಈ ನೀರೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದೂ ನಮಗೆ ಪರಕೀಯ ಸಂಗತಿಯಲ್ಲ. ಸಿಂಹಗಡದ ಮೇಲೆ ಬಿದ್ದದ್ದು ಮುಠೆ ಹಿಡಿದು, ರಾಜಗಡ ತೋರಣಾದ್ದು ಗುಂಜವಣಿ, ನೀರಾ ಹಿಡಿದು ಭೀಮೆಗೆ ಸೇರುತ್ತದೆ. ಗಾಣಗಾಪುರದಲ್ಲಿ ಭೀಮೆಯ ಸ್ನಾನ ಮಾಡಿದವರ ತಲೆಯ ಮೇಲೆ ಬಿದ್ದದ್ದು ಈ ಗುಡ್ಡಗಳ ನೀರೇ.

ಜುಲೈನಲ್ಲಿ ಅಪಾಯ ಇರುವುದು ಕಡಿದಾದ ಬಂಡೆಯಲ್ಲಿ ಎಂದು ಎಲ್ಲರೂ ಹೆದರುತ್ತಾರೆ. ನನ್ನ ಪ್ರಕಾರ ಹೆಚ್ಚು ಹೆದರಬೇಕಾದ್ದು ಪಾದ ಮುಳುಗುವಷ್ಟೇ ನೀರಿರುವ ಹಳ್ಳಕ್ಕೆ. 2024ರ ಜೂನ್ 30ರಂದು ಲೋಣಾವಳಾದ ಭುಶಿ ಅಣೆಕಟ್ಟಿನ ಹಿಂಭಾಗದ ತೊರೆಯಲ್ಲಿ ಪುಣೆಯ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅವರು ಯಾವ ಕೋಟೆಯನ್ನೂ ಹತ್ತಿರಲಿಲ್ಲ, ರಜೆಗೆ ನೀರು ನೋಡಲು ಹೋದವರು. ಮೇಲೆಲ್ಲೋ ಮಳೆ ಸುರಿದರೆ ಇಲ್ಲಿ ನಿಮಿಷಗಳಲ್ಲಿ ಹಳ್ಳ ಏರುತ್ತದೆ. ಆ ಘಟನೆಯ ನಂತರ ಜಿಲ್ಲಾಡಳಿತ ಮಳೆಗಾಲದಲ್ಲಿ ಜಲಪಾತ, ಅಣೆಕಟ್ಟುಗಳ ಸುತ್ತ ನಿಷೇಧಾಜ್ಞೆ ಹೊರಡಿಸುವುದು ರೂಢಿಯಾಗಿದೆ. ಹೊರಡುವ ಹಿಂದಿನ ದಿನ ಅದನ್ನೂ ವಿಚಾರಿಸಿಕೊಳ್ಳಿ. ಎರಡು ಮೂರು ದಿನ ಬಿಡದೆ ಸುರಿದ ಮೇಲೆ ನೆಲ ನೀರು ಕುಡಿದು ಭಾರವಾಗಿರುತ್ತದೆ. 2014ರ ಜುಲೈ 30ರಂದು ಭೀಮಾಶಂಕರದ ಕಡೆಯ ಮಾಳೀಣ ಹಳ್ಳಿ ಕುಸಿದ ಗುಡ್ಡದಡಿ ಹುಗಿದುಹೋಯಿತು, ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. 2023ರ ಜುಲೈನಲ್ಲಿ ಇರ್ಶಾಳಗಡದ ಮಡಿಲಿನ ಇರ್ಶಾಳವಾಡಿಗೆ ರಾತ್ರೋರಾತ್ರಿ ಅದೇ ಗತಿ ಬಂತು. ಗುಡ್ಡದಲ್ಲಿ ಹುಟ್ಟಿ ಬೆಳೆದವರಿಗೇ ಹಾಗಾದ ಮೇಲೆ ಭಾನುವಾರದ ಅತಿಥಿಗಳು ಧೈರ್ಯ ತೋರಿಸುವುದರಲ್ಲಿ ಅರ್ಥವಿಲ್ಲ.

ಅಂಧಾರಬನ್ ಈ ದೃಷ್ಟಿಯಿಂದ ನನಗೆ ಸರಿಹೋಗದ ಆಯ್ಕೆ. ‘ಪೂರ್ತಿ ಇಳಿಜಾರು, ಯಾರು ಬೇಕಾದರೂ ಮಾಡಬಹುದು’ ಎಂದು ಅದರ ಜಾಹೀರಾತು. ತಾಮ್ಹಿಣಿ ಕಡೆಯ ಪಿಂಪರಿ ಹಳ್ಳಿಯಲ್ಲಿ ಶುರುವಾಗಿ ದಟ್ಟ ಕಾಡಿನೊಳಗಿಂದ ಕೊಂಕಣದ ಭಿರಾಕ್ಕೆ ಇಳಿಯುವ ದಾರಿ. ಕಾಡು ಸುಂದರ, ಒಪ್ಪೋಣ. ಆದರೆ ಸಾಲಾಗಿ ಹಳ್ಳಗಳನ್ನು ದಾಟುತ್ತ ಹೋಗಬೇಕು. ಮೂರನೆಯ ಹಳ್ಳ ಉಕ್ಕಿದರೆ ಮುಂದೆಯೂ ಹೋಗುವಂತಿಲ್ಲ, ಹಿಂದಿನ ಎರಡೂ ಅಷ್ಟರಲ್ಲಿ ಏರಿರುತ್ತವೆ. ಇಳಿಜಾರು ಎಂದರೆ ಸುಲಭ ಎಂದು ಬಗೆಯುವವರೇ ಇಲ್ಲಿಗೆ ಹೆಚ್ಚು ಬರುತ್ತಾರೆ. ಅರಣ್ಯ ಇಲಾಖೆ ಮುಚ್ಚಿದೆ ಎಂದು ಫಲಕ ಹಾಕಿದ್ದರೆ ಪಕ್ಕದ ಗದ್ದೆಯಿಂದ ನುಸುಳಿ ಕರೆದೊಯ್ಯುವ ಆಯೋಜಕರ ಜೊತೆ ಇನ್ನೆಲ್ಲಿಗೂ ಹೋಗಬೇಡಿ.

ಮಳೆಗಾಲದಲ್ಲಿ ಹೋಗಲೇಬೇಕೆ? ಮೆಟ್ಟಿಲಿರುವ ಕೋಟೆಗಳಿಗೆ ಹೋಗಿ. ಮಳವಲಿಯಲ್ಲಿ ಲೋಕಲ್ ಇಳಿದು ಭಾಜೆಯ ಗುಹೆಗಳನ್ನು ನೋಡಿಕೊಂಡು ಲೋಹಗಡ. ಆ ಗುಹೆಗಳು ಕ್ರಿಸ್ತಪೂರ್ವ ಎರಡನೆಯ ಶತಮಾನದವು, ಹತ್ತು ನಿಮಿಷಕ್ಕೆ ಮುಗಿಸಿ ಓಡಬೇಡಿ. ಲೋಹಗಡದ ಪಕ್ಕದಲ್ಲೇ ವಿಸಾಪುರ ಇದೆ, ಅದಕ್ಕಿಂತ ತುಸು ಎತ್ತರ. 1818ರಲ್ಲಿ ಇಂಗ್ಲಿಷರು ವಿಸಾಪುರದ ಬಾಗಿಲು, ಕಟ್ಟಡಗಳನ್ನು ಕೆಡವಿದರು, ಲೋಹಗಡ ಬಹುಮಟ್ಟಿಗೆ ಉಳಿಯಿತು. ಅದರ ಫಲ ಇವತ್ತಿನ ಚಾರಣಿಗನ ಕಾಲಿಗೆ ತಿಳಿಯುತ್ತದೆ. ಲೋಹಗಡದಲ್ಲಿ ಬಾಗಿಲಿಂದ ಬಾಗಿಲಿಗೆ ಸಾಲು ಮೆಟ್ಟಿಲು, ವಿಸಾಪುರದಲ್ಲಿ ಮಳೆ ಬಂದರೆ ದಾರಿಯೇ ತೊರೆ. ಮೊದಲ ಬಾರಿಗೆ ಬಂದವರು ಲೋಹಗಡಕ್ಕೆ ಸಾಕೆನ್ನಿ. ಅದೂ ಭಾನುವಾರ ಬೇಡ. ಜುಲೈನ ಭಾನುವಾರ ಆ ಮೆಟ್ಟಿಲುಗಳ ಮೇಲೆ ಜನ ತಾಸುಗಟ್ಟಲೆ ಅಲುಗಾಡದೆ ಸಿಕ್ಕಿಕೊಂಡ ಉದಾಹರಣೆಗಳಿವೆ. ಆಂಬಿ ವ್ಯಾಲಿ ಹತ್ತಿರದ ಕೋರಿಗಡಕ್ಕೂ ಮೆಟ್ಟಿಲಿದೆ. ಮೇಲೆ ಹೋದರೆ ಕೋಟೆಗೋಡೆಯ ಗುಂಟ ಸುತ್ತು ಹಾಕಬಹುದು. ಪವನಾ ಕೆರೆಯ ಹಿಂದಿನ ತಿಕೋನಾ ಹತ್ತು ವರ್ಷದ ಮಕ್ಕಳಿಗೆ ಹೇಳಿಮಾಡಿಸಿದ್ದು. ಆದರೆ ಅದರ ಕೊನೆಯ ಮೆಟ್ಟಿಲುಗಳು ಎತ್ತರ, ಮಗುವಿನ ಹಿಂದೆ ದೊಡ್ಡವರೊಬ್ಬರು ಇರಲಿ. ಇಳಿಯುವಾಗ ಮಗುವಿನ ಮುಂದೆ.

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ತನಕ ಗುಡ್ಡವೆಲ್ಲ ಸೋನಕಿಯ ಹಳದಿ ಹೂ. ಒಂದೇ ತಿಂಗಳು ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ. ಆದರೆ ಮಧ್ಯಾಹ್ನದ ನಂತರ ಗುಡುಗು ಮಿಂಚು. ಬೋಳು ಮಾಚಿಯ ಮೇಲೆ ನೀವೇ ಎಲ್ಲಕ್ಕಿಂತ ಎತ್ತರದ ವಸ್ತು. ಎರಡು ಗಂಟೆಯೊಳಗೆ ಬುಡದಲ್ಲಿರಬೇಕು. ನವೆಂಬರಿನಿಂದ ಫೆಬ್ರವರಿವರೆಗೆ ದೊಡ್ಡ ಕೋಟೆಗಳ ಕಾಲ. ಮಾರ್ಚ್ ಬಂದರೆ ಮೇಲಿನ ಕಲ್ಲುಟಾಕಿಗಳಲ್ಲಿ ನೀರು ತಳ ಹಿಡಿಯುತ್ತದೆ, ತಲೆಗೆ ಮೂರು ಲೀಟರ್ ಹೊರಬೇಕು. ಹೆಜ್ಜೇನು ಏಳುವುದೂ ಬಿಸಿಲಲ್ಲೇ. ರಾಜಗಡದಲ್ಲಿ ಚಾರಣಿಗರ ಮೇಲೆ ಎರಗಿದ ಸುದ್ದಿ ಆಗಾಗ ಬರುತ್ತದೆ. ಸುಗಂಧ ಪೂಸಿಕೊಂಡು, ಬ್ಲೂಟೂತ್ ಸ್ಪೀಕರ್ ಹಾಕಿಕೊಂಡು ಹೋಗುವವರಿಂದ ದೂರ ಇರಿ. ಜೇನಿಲ್ಲದಿದ್ದರೂ ದೂರ ಇರಿ.

ಯಾರ ಜೊತೆ ಎಂಬುದು ಉಳಿಯಿತು. ಗುಂಪಿನಲ್ಲಿ ಎಲ್ಲರಿಗಿಂತ ಮೆಲ್ಲಗೆ ನಡೆಯುವವರು ಯಾರೋ ಅವರ ಲೆಕ್ಕದ ಕೋಟೆ ಆರಿಸಬೇಕು. ಇದು ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ. ಪರೀಕ್ಷೆಗೆ ಊರಲ್ಲೇ ವೇತಾಳ ಟೇಕಡಿ ಎಂಬ ಗುಡ್ಡ ಇದೆ. ಹಿಂದಿನ ದಿನ ಸಂಜೆ ಎಲ್ಲರನ್ನೂ ಅಲ್ಲಿಗೆ ಕರೆದೊಯ್ಯಿರಿ. ಹತ್ತುವುದನ್ನು ನೋಡಬೇಡಿ, ಇಳಿಯುವುದನ್ನು ನೋಡಿ. ಅಡ್ಡಡ್ಡ ಹೆಜ್ಜೆ ಇಡುವವರು, ಮರದ ಕೊಂಬೆ ಹುಡುಕುವವರು, ನಗುನಗುತ್ತ ‘ನೀವು ಹೋಗಿರ್ರಿ, ನಾ ಬರ್ತೀನಿ’ ಎನ್ನುವ ಅತ್ತೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಅಂಥವರಿದ್ದರೆ ಪುರಂದರ. 1665ರ ಒಪ್ಪಂದದ ಕೋಟೆ, ಸಂಭಾಜಿ ಹುಟ್ಟಿದ ಜಾಗ. ರಸ್ತೆ ಸಾಕಷ್ಟು ಮೇಲಕ್ಕೆ ಹೋಗುತ್ತದೆ. ಸೇನೆಯ ಸುಪರ್ದಿಯಲ್ಲಿರುವುದರಿಂದ ಗುರುತಿನ ಚೀಟಿ ಕೇಳುತ್ತಾರೆ, ಸಂಜೆಗೆ ಮುಂಚೆ ಹೊರಗೆ ಕಳಿಸುತ್ತಾರೆ. ನಮ್ಮ ಜನಕ್ಕೆ ಇಂಥ ಶಿಸ್ತು ಬೇರೆ ಕಡೆಯೂ ಇದ್ದರೆ ಚೆನ್ನಾಗಿತ್ತು.

ಬೂಟಿನ ಬಗ್ಗೆ ಹೆಚ್ಚು ಬೇಡ. ಹೊಸದು ಬೇಡ, ಅಡಿ ಸವೆದದ್ದು ಬೇಡ. ದುಬಾರಿ ಬ್ರಾಂಡು ಹುಡುಕುವವರಿಗೆ ಒಂದು ಮಾತು: ಸಹ್ಯಾದ್ರಿಯ ಹಳಬರಲ್ಲಿ ಹಲವರು ಇವತ್ತಿಗೂ ಅಗ್ಗದ ‘ಆಕ್ಷನ್’ ಬೂಟನ್ನೇ ಮೆಚ್ಚುತ್ತಾರೆ, ಅದರ ರಬ್ಬರು ಒದ್ದೆ ಕರಿಕಲ್ಲನ್ನು ಹಿಡಿಯುತ್ತದೆ ಎಂದು.

ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ, 1,646 ಮೀಟರ್, ಪುಣೆಯವರ ಪಟ್ಟಿಯಲ್ಲಿ ಮೇಲಿರುತ್ತದೆ. ಅಹಿಲ್ಯಾನಗರ ಜಿಲ್ಲೆಯ ಬಾರಿ ಹಳ್ಳಿಯಿಂದ 850 ಮೀಟರ್ ಏರು, ಕಡಿದಾದ ಕಡೆ ಕಬ್ಬಿಣದ ಏಣಿ. ಚಾರಣ ಮಾಡಬಹುದಾದ್ದೇ. ಆದರೆ ಶನಿವಾರ ರಾತ್ರಿ ಮಿನಿಬಸ್ಸಿನಲ್ಲಿ ಹೊರಟು, ನಿದ್ದೆಗೆಟ್ಟು, ಕತ್ತಲಲ್ಲಿ ಹತ್ತಿ, ಮಧ್ಯಾಹ್ನ ಇಳಿದು, ಸಂಜೆ ನಾಲ್ಕೈದು ತಾಸು ಹಿಂದಿರುಗುವ ಈ ‘ಒಂದು ದಿನ’ದಲ್ಲಿ ಚಾಲಕನೂ ರಾತ್ರಿಯಿಡೀ ಎದ್ದಿರುತ್ತಾನೆ. ಆಯೋಜಕರನ್ನು ಕೇಳಿ: ಎಷ್ಟು ಜನಕ್ಕೆ ಒಬ್ಬ ಮುಖಂಡ, ಪ್ರಥಮ ಚಿಕಿತ್ಸೆ ಬಲ್ಲವರು ಯಾರು, ಚಾಲಕ ಎಲ್ಲಿ ಮಲಗುತ್ತಾನೆ, ಎಷ್ಟು ಗಂಟೆಗೆ ತುದಿ ಮುಟ್ಟದಿದ್ದರೆ ಹಿಂದಿರುಗುತ್ತೀರಿ. 2021ರಲ್ಲಿ ಬಂದ ಮಹಾರಾಷ್ಟ್ರದ ಸಾಹಸ ಪ್ರವಾಸೋದ್ಯಮ ನೀತಿ ಇಂಥ ಸಂಸ್ಥೆಗಳು ನೋಂದಾಯಿಸಿಕೊಳ್ಳಬೇಕೆನ್ನುತ್ತದೆ. ಆಗಿದೆಯೇ ಎಂದೂ ಕೇಳಿ. ಹಿಂದಿರುಗುವ ಗಂಟೆಯ ಪ್ರಶ್ನೆಗೆ ‘ನೋಡೋಣ’ ಎಂದವರಿಗೆ ಹಣ ಕಟ್ಟಬೇಡಿ. ನಿಮ್ಮದೇ ಗುಂಪಾದರೂ ಈ ಗಂಟೆಯನ್ನು ಮನೆಯಲ್ಲೇ ಗೊತ್ತುಮಾಡಿ, ಹೊರಡುವ ಮೊದಲು ಹಿರಿಯರೊಬ್ಬರಿಗೆ ಹೇಳಿಡಿ. ಬಸ್ಸಿನಲ್ಲಿ ಹೋಗುವವರು ವೇಲ್ಹೆಯಲ್ಲಿ ಇಳಿದ ಕೂಡಲೇ ಸ್ವಾರಗೇಟಿಗೆ ಕೊನೆಯ ಎಸ್‌ಟಿ ಎಷ್ಟಕ್ಕೆ ಎಂದು ಕಂಡಕ್ಟರನ್ನು ಕೇಳಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಆ ಗಂಟೆ ಸಿಗುತ್ತದೆ.

ರಾಷ್ಟ್ರೀಯ ಉದ್ಯಾನದ ರೀತಿಯ ಚಾರಣವೇ ಬೇಕೆಂದರೆ ಸಾತಾರಾ ದಾಟಿ ವಾಸೋಟಾಕ್ಕೆ ಹೋಗಬೇಕು. ಕೋಯ್ನಾ ಅಭಯಾರಣ್ಯ, ಚಾಂದೋಲಿ ರಾಷ್ಟ್ರೀಯ ಉದ್ಯಾನ ಸೇರಿ 2010ರಲ್ಲಿ ಆದ ಸಹ್ಯಾದ್ರಿ ಹುಲಿ ಮೀಸಲಿನೊಳಗೆ ಆ ಕೋಟೆ ಇದೆ. ಬಾಮಣೋಲಿಯಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು, ಶಿವಸಾಗರದ ಹಿನ್ನೀರಿನಲ್ಲಿ ದೋಣಿ ಹತ್ತಿ ಹೋಗಬೇಕು. ಮಳೆಗಾಲದಲ್ಲಿ ಬಂದ್. ಸಂಜೆ ದೋಣಿ ಹೊರಡುವ ಹೊತ್ತಿಗೆ ದಡದಲ್ಲಿರಲೇಬೇಕು. ಹಾಗಾಗಿ ಅಲ್ಲಿ ಎಲ್ಲರೂ ಇಳಿಯುವ ಲೆಕ್ಕ ಹಾಕಿಯೇ ಹತ್ತುತ್ತಾರೆ. ಪುಣೆಯಿಂದ ಹೋಗುವವರು ಹಿಂದಿನ ರಾತ್ರಿ ಬಾಮಣೋಲಿಯಲ್ಲೇ ಉಳಿದು ಬೆಳಗಿನ ಮೊದಲ ದೋಣಿ ಹಿಡಿಯಬೇಕು. ಬಾಡಿಗೆ ದೋಣಿಗೆ, ತಲೆಗಲ್ಲ. ದೋಣಿ ತುಂಬುವಷ್ಟು ಜನ ಕೂಡಿಸಿಕೊಂಡು ಹೋದರೆ ಅಗ್ಗ. ಅಣ್ಣನ ಮಗನಿಗೆ ಡಿಸೆಂಬರಿಗೆ ಬಾ ಎಂದು ಹೇಳಿದ್ದೇನೆ, ಜೊತೆಗೆ ನಾಲ್ವರು ಗೆಳೆಯರನ್ನೂ ಕರಕೊಂಡು.